ಉಂಗುರ ಬಿಚ್ಚಿದ್ದು ನಿಜವೇ? ಸೈಕ್ಲೋಹೆಕ್ಸಾಡೈಯೀನ್ ಅನಿಲದ ಮೇಲೆ ಅತಿವೇಗದ ಎಲೆಕ್ಟ್ರಾನ್ ವಿವರ್ತನೆ: ಒಂದು ಪ್ರಕರಣ ಅಧ್ಯಯನ

ಆರು ಇಂಗಾಲಗಳ ಉಂಗುರ, ಎಂಟು ಜಲಜನಕ. 1,3-ಸೈಕ್ಲೋಹೆಕ್ಸಾಡೈಯೀನ್ ಎಂಬ ಈ ಅಣುವಿಗೆ ನೇರಳಾತೀತ ಬೆಳಕು ತಾಗಿದರೆ ಒಂದು ಬಂಧ ಕಳಚಿ ಉಂಗುರ ಸರಪಳಿಯಾಗುತ್ತದೆ, ಅಂದರೆ 1,3,5-ಹೆಕ್ಸಾಟ್ರೈಯೀನ್ ಆಗುತ್ತದೆ. ಬಿಸಿಲಿನಲ್ಲಿ ನಮ್ಮ ಚರ್ಮ ವಿಟಮಿನ್ ಡಿ ತಯಾರಿಸುವಾಗ ಮೊದಲಿಗೆ ನಡೆಯುವುದೂ ಇದೇ ಜಾತಿಯ ಕ್ರಿಯೆ: 7-ಡಿಹೈಡ್ರೋಕೊಲೆಸ್ಟೆರಾಲ್‌ನಲ್ಲಿ ಇಂಥದೇ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. 1965ರಲ್ಲಿ ವುಡ್‌ವರ್ಡ್ ಮತ್ತು ಹಾಫ್‌ಮನ್ ಮಂಡಿಸಿದ ನಿಯಮಗಳು ಇಂಥ ಕ್ರಿಯೆಗಳಲ್ಲಿ ಉಂಗುರದ ತುದಿಗಳು ಯಾವ ಕಡೆಗೆ ತಿರುಗುತ್ತವೆ ಎಂಬುದನ್ನು ಹೇಳಿದವು. ತಿರುಗುವಾಗ ಪರಮಾಣುಗಳು ಕ್ಷಣಕ್ಷಣಕ್ಕೂ ಎಲ್ಲಿರುತ್ತವೆ ಎಂದು ಅಳೆಯಲು ಮಾತ್ರ ಕಾಯಬೇಕಾಯಿತು.

2001ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಝೆವೈಲ್ ತಂಡ ಈ ಅಣುವನ್ನು ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯ ಒಂದಂಶ) ಮಟ್ಟದ ಎಲೆಕ್ಟ್ರಾನ್ ವಿವರ್ತನೆಯಿಂದ, ಅಂದರೆ ಅಣುಗಳಿಗೆ ತಾಗಿ ಎಲೆಕ್ಟ್ರಾನುಗಳು ಚದುರಿದ ರೀತಿಯಿಂದ ರಚನೆಯನ್ನು ಓದುವ ವಿಧಾನದಿಂದ, ನೋಡಿತು. 2015ರಲ್ಲಿ ಅಮೆರಿಕದ ಸ್ಲಾಕ್ ಪ್ರಯೋಗಾಲಯದ ಎಕ್ಸ್-ಕಿರಣ ಲೇಸರ್‌ನಲ್ಲಿ 8.3 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಕ್ಸ್-ಕಿರಣಗಳಿಂದ ಫೆಮ್ಟೋಸೆಕೆಂಡ್ (ಪಿಕೋಸೆಕೆಂಡಿನ ಸಾವಿರದ ಒಂದಂಶ) ಮಟ್ಟದ ಅಳತೆ ಬಂತು. 2019ರಲ್ಲಿ ಅದೇ ಸಂಸ್ಥೆಯ ಮೆಗಾ ಎಲೆಕ್ಟ್ರಾನ್ ವೋಲ್ಟ್ ಉಪಕರಣದಿಂದ ಉಂಗುರ ಬಿಚ್ಚುವುದೂ, ಆಮೇಲೆ ಸರಪಳಿ ಹೊರಳುವುದೂ ಪರಮಾಣುಗಳ ನಡುವಿನ ಅಂತರದ ಭಾಷೆಯಲ್ಲೇ ಕಂಡವು. ಇಲ್ಲಿ ಆ ಬಗೆಯ ಅಳತೆಯನ್ನೇ ಪ್ರಕರಣವಾಗಿ ಇಟ್ಟುಕೊಂಡು, ಎಲ್ಲೆಲ್ಲಿ ಕೈಕೊಡುತ್ತದೆ ಎಂದು ನೋಡೋಣ. ಲೆಕ್ಕಗಳೆಲ್ಲ 3.7 ಮೆಗಾ ಎಲೆಕ್ಟ್ರಾನ್ ವೋಲ್ಟ್ ಕಿರಣಪುಂಜ, ಕ್ರಿಯೆ ಶುರುಮಾಡುವ 267 ನ್ಯಾನೋಮೀಟರ್ ಪಂಪ್ ಲೇಸರ್, ಸೆಕೆಂಡಿಗೆ 180 ಪಲ್ಸ್ ಇರುವ ಉಪಕರಣಕ್ಕೆ ಹೊಂದುವಂತೆ ಮಾಡಿದವು.

ಜೋಡಿಗಳ ಲೆಕ್ಕ ಮೊದಲು

ವಿವರ್ತನೆ ಬಂಧವನ್ನು ಕಾಣುವುದಿಲ್ಲ. ಅದು ಕಾಣುವುದು ಎರಡೆರಡು ಪರಮಾಣುಗಳ ನಡುವಿನ ಅಂತರವನ್ನು, ಅದೂ ಎಲ್ಲ ಅಣುಗಳ ಎಲ್ಲ ಜೋಡಿಗಳನ್ನು ಒಟ್ಟಿಗೇ. ಆದ್ದರಿಂದ ಯಂತ್ರ ಚಾಲೂ ಮಾಡುವ ಮೊದಲು ಕಾಗದದ ಮೇಲೆ ಜೋಡಿಗಳನ್ನು ಎಣಿಸಬೇಕು.

ಆರು ಇಂಗಾಲಗಳಿಗೆ 15 ಜೋಡಿ. ಉಂಗುರದಲ್ಲಿ ಪಕ್ಕಪಕ್ಕದವು 6, ಒಂದನ್ನು ಬಿಟ್ಟು ಮುಂದಿನವು 6, ಎದುರುಬದುರು 3. ಪಕ್ಕದ ಜೋಡಿಗಳ ಅಂತರ 1.35ರಿಂದ 1.54 ಆಂಗ್‌ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದಂಶ), ಎರಡನೆಯವು 2.5ರ ಆಸುಪಾಸು, ಎದುರುಬದುರಿನವು 3ರೊಳಗೆ. ಉಂಗುರ ಬಿಚ್ಚಿ ಸರಪಳಿಯಾದರೆ ಅದೇ 15 ಜೋಡಿ 5, 4, 3, 2, 1 ಎಂದು ಹಂಚಿಹೋಗುತ್ತವೆ. ಪಕ್ಕದವುಗಳಲ್ಲಿ ಒಂದು ಕಡಿಮೆ, 2.5 ಆಂಗ್‌ಸ್ಟ್ರಾಮ್‌ನವುಗಳಲ್ಲಿ ಎರಡು ಕಡಿಮೆ. ಉಂಗುರದಲ್ಲಿ ಇರಲೇ ಇಲ್ಲದ ಮೂರು ದೂರದ ಜೋಡಿಗಳು ಹೊಸದಾಗಿ ಹುಟ್ಟುತ್ತವೆ. ಸರಪಳಿ ಪೂರ್ತಿ ಚಾಚಿಕೊಂಡಾಗ ತುದಿಯಿಂದ ತುದಿಗೆ ಸುಮಾರು 6 ಆಂಗ್‌ಸ್ಟ್ರಾಮ್.

ಜೋಡಿ-ಅಂತರ ಹಂಚಿಕೆಯಲ್ಲಿ, ಅಂದರೆ ಯಾವ ಅಂತರದಲ್ಲಿ ಎಷ್ಟು ಜೋಡಿಗಳಿವೆ ಎಂದು ತೋರಿಸುವ ಗ್ರಾಫಿನಲ್ಲಿ, ಪ್ರತಿ ಜೋಡಿಯ ತೂಕ ಅಂತರಕ್ಕೆ ವಿಲೋಮ. ಹಾಗಾಗಿ 1.54ರಲ್ಲಿ ಒಂದು ಜೋಡಿ ಹೋದರೆ ಕುಸಿತ 0.65, 2.5ರಲ್ಲಿ ಎರಡು ಹೋದರೆ 0.8. ಎರಡು ಪಟ್ಟು ಅಲ್ಲ, ಸುಮಾರು ಒಂದೂಕಾಲು ಪಟ್ಟು. ದತ್ತಾಂಶದಲ್ಲಿ ಈ ಪ್ರಮಾಣ ವಿಪರೀತ ತಪ್ಪಿದ್ದರೆ ಹೊಸ ರಸಾಯನಶಾಸ್ತ್ರ ಸಿಕ್ಕಿತೆಂದು ಹಿಗ್ಗುವ ಮೊದಲು ಹಿನ್ನೆಲೆ ಕಳೆದ ರೀತಿಯನ್ನು ಅನುಮಾನಿಸಬೇಕು.

ಇಲ್ಲಿ ಒಂದು ತೊಡಕಿದೆ. ಬೆಳಕು ಹೀರಿದ ಅಣುಗಳೆಲ್ಲ ಬಿಚ್ಚಿಕೊಳ್ಳುವುದಿಲ್ಲ. ಒಂದು ಪಾಲು ಉಂಗುರವಾಗಿಯೇ, ಆದರೆ ವಿಪರೀತ ಕಾದು, ತಳಸ್ಥಿತಿಗೆ ಮರಳುತ್ತದೆ. ಕಾದ ಉಂಗುರದಲ್ಲಿ ಅಂತರಗಳು ಹರಡಿಕೊಳ್ಳುವುದರಿಂದ 1.5 ಮತ್ತು 2.5ರ ಶಿಖರಗಳು ಅಲ್ಲೂ ತಗ್ಗುತ್ತವೆ. ಅಂದರೆ ಶಿಖರ ತಗ್ಗಿತು ಎಂಬುದೊಂದೇ ಉಂಗುರ ಬಿಚ್ಚಿದ್ದಕ್ಕೆ ಸಾಕ್ಷಿಯಲ್ಲ. 4 ಆಂಗ್‌ಸ್ಟ್ರಾಮ್‌ನಿಂದ ಆಚೆಗೆ ಉಂಗುರದ ಯಾವ ಇಂಗಾಲದ ಜೋಡಿಯೂ ತಲುಪಲಾರದು. ಅಲ್ಲಿ ಏಳುವ ಸಂಕೇತ ಸರಪಳಿಯದೇ. ಈ ಪ್ರಕರಣದ ತೀರ್ಪೆಲ್ಲ 4ರಿಂದ 6 ಆಂಗ್‌ಸ್ಟ್ರಾಮ್‌ವರೆಗಿನ ಆ ಪಟ್ಟಿಯ ಮೇಲೆ ನಿಂತಿದೆ. ದುರದೃಷ್ಟಕ್ಕೆ ಅಳತೆಯ ದೋಷಗಳು ಹೆಚ್ಚು ಕೆಡಿಸುವುದೂ ಅದನ್ನೇ.

ಇಷ್ಟು ವೇಗದ ಎಲೆಕ್ಟ್ರಾನ್ ಏಕೆ ಬೇಕು

ಬೆಳಕಿನ ಪಲ್ಸ್ ಮತ್ತು ಎಲೆಕ್ಟ್ರಾನ್ ಪಲ್ಸ್ ಒಟ್ಟಿಗೆ ಅನಿಲದೊಳಗೆ ಹೊಕ್ಕರೂ ಒಟ್ಟಿಗೆ ಹೊರಬರುವುದಿಲ್ಲ. ಅನಿಲದ ಪದರ 0.3 ಮಿ.ಮೀ. ದಪ್ಪವಿದ್ದರೆ ಬೆಳಕು ಅದನ್ನು 1 ಪಿಕೋಸೆಕೆಂಡ್‌ನಲ್ಲಿ ದಾಟುತ್ತದೆ. 30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನಿನ ವೇಗ ಬೆಳಕಿನ ಸುಮಾರು ಶೇ. 33, ಅದಕ್ಕೆ 3 ಪಿಕೋಸೆಕೆಂಡ್ ಬೇಕು. ಪದರದ ಈ ಬದಿಗೂ ಆ ಬದಿಗೂ 2 ಪಿಕೋಸೆಕೆಂಡ್ ವ್ಯತ್ಯಾಸ ಬಿದ್ದ ಮೇಲೆ 100 ಫೆಮ್ಟೋಸೆಕೆಂಡ್‌ನ ಘಟನೆ ಕಲಸಿಹೋಗುತ್ತದೆ. ಘನ ಮಾದರಿಯ ಹಾಳೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪ ಇರುವುದರಿಂದ ಅಲ್ಲಿ ಈ ಕಾಟವಿಲ್ಲ. 3.7 ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗೆ ವೇಗ ಬೆಳಕಿನ ಶೇ. 99.3. ಅದೇ ಪದರದಲ್ಲಿ ವ್ಯತ್ಯಾಸ 7-8 ಫೆಮ್ಟೋಸೆಕೆಂಡ್‌ಗೆ ಇಳಿಯುತ್ತದೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂಡಿ ಪಲ್ಸ್ ಉದ್ದವಾಗುವುದೂ ಈ ಶಕ್ತಿಯಲ್ಲಿ ಬಹಳ ತಗ್ಗುತ್ತದೆ.

ಇದಕ್ಕೆ ತೆರುವ ಬೆಲೆ ಕೋನದಲ್ಲಿ. ತರಂಗದೂರ ಬರೀ 0.003 ಆಂಗ್‌ಸ್ಟ್ರಾಮ್ ಆದ್ದರಿಂದ ಚದುರಿದ ಎಲೆಕ್ಟ್ರಾನುಗಳು ನೇರ ಕಿರಣಕ್ಕೆ ಅಂಟಿಕೊಂಡೇ ಹೋಗುತ್ತವೆ. ಚದುರಿಕೆಯ ಅಳತೆಗೋಲಾದ ಎಸ್, ಅಂದರೆ 4 ಪೈ ಭಾಗಿಸು ತರಂಗದೂರ, ಗುಣಿಸು ಅರ್ಧಕೋನದ ಸೈನ್, ಪ್ರತಿ ಆಂಗ್‌ಸ್ಟ್ರಾಮ್‌ಗೆ 10 ಆದಾಗಲೂ ಕೋನ 4.7 ಮಿಲಿರೇಡಿಯನ್ ಮಾತ್ರ. ಡಿಟೆಕ್ಟರ್ 3.1 ಮೀಟರ್ ದೂರವಿದ್ದರೆ ಅದು ಕೇಂದ್ರದಿಂದ 15 ಮಿ.ಮೀ.ಗಿಂತ ಚೂರು ಕಡಿಮೆ. ಎಸ್‌ನ ಒಂದೊಂದು ಘಟಕಕ್ಕೂ 1.5 ಮಿ.ಮೀ. ಜಾಗ. ನೇರ ಕಿರಣವನ್ನು ಹಾಯಿಸಿಬಿಡಲು ಎಲೆಕ್ಟ್ರಾನ್ ಬಿದ್ದರೆ ಬೆಳಗುವ ಫಾಸ್ಫರ್ ಪರದೆಯ ನಡುವೆ 1.5 ಮಿ.ಮೀ. ವ್ಯಾಸದ ಕಿಂಡಿ ಇಟ್ಟರೆ ಎಸ್ 0.5ಕ್ಕಿಂತ ಕೆಳಗಿನದೆಲ್ಲ ಕಾಣೆಯಾಗುತ್ತದೆ. ಈ ಕಿಂಡಿಯ ಪ್ರಭಾವಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಕಾಲದ ಬಜೆಟ್ ಹೀಗೆ: ಲೇಸರ್ ಪಲ್ಸ್ 80 ಫೆಮ್ಟೋಸೆಕೆಂಡ್, ಎಲೆಕ್ಟ್ರಾನ್ ಪಲ್ಸ್ 120, ಎರಡರ ನಡುವಿನ ಜಿಟರ್ (ತಲುಪುವ ಕಾಲ ಪ್ರತಿ ಸಲ ಹಿಂದೆಮುಂದೆ ಆಗುವುದು) 60, ವೇಗ ವ್ಯತ್ಯಾಸ 10. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 157. ಇದರಲ್ಲಿ ಜಿಟರ್ ಮೇಲೆ ಸದಾ ಕಣ್ಣಿರಬೇಕು. ಎಲೆಕ್ಟ್ರಾನ್ ಗನ್‌ನ ರೇಡಿಯೋ ಆವರ್ತನದ ಶಕ್ತಿ ಅಲುಗಿದರೆ ಎಲೆಕ್ಟ್ರಾನಿನ ಆವೇಗ ಅಲುಗುತ್ತದೆ. ಗನ್‌ನಿಂದ ಅನಿಲಕ್ಕೆ 1.5 ಮೀಟರ್ ಇದ್ದರೆ ಆವೇಗದ ಶೇ. 0.1ರ ಏರುಪೇರು ತಲುಪುವ ಕಾಲವನ್ನು 74 ಫೆಮ್ಟೋಸೆಕೆಂಡ್ ಕದಲಿಸುತ್ತದೆ. ಶೇ. 0.01ಕ್ಕೆ ಹಿಡಿದಿಟ್ಟರೆ 7 ಮಾತ್ರ.

ಅನಿಲದ ಕಡೆಯ ಕೆಲಸ

ಸೈಕ್ಲೋಹೆಕ್ಸಾಡೈಯೀನ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ಕೋಣೆಯ ಉಷ್ಣತೆಯಲ್ಲೇ ಸಾಕಷ್ಟು ಆವಿ ಕೊಡುತ್ತದೆ, ಹೀಲಿಯಂನ ಒತ್ತಾಸೆ ಬೇಕಿಲ್ಲ. ಹೀಲಿಯಂ ಜೊತೆ ಒತ್ತಡದಲ್ಲಿ ಹಾಯಿಸಿದರೆ ಜೆಟ್ ತಣ್ಣಗಾಗಿ ಅಣುಗಳು ಗೊಂಚಲುಗಟ್ಟುವ ಅಪಾಯವಿದೆ. ಗೊಂಚಲು ಬಂದರೆ 4 ಆಂಗ್‌ಸ್ಟ್ರಾಮ್ ಆಚೆ ಅಣು-ಅಣುಗಳ ನಡುವಿನ ಅಂತರಗಳೂ ಸೇರಿಕೊಂಡು ನಮ್ಮ ಶುದ್ಧ ಪಟ್ಟಿ ಕಲುಷಿತವಾಗುತ್ತದೆ.

ದ್ರವವನ್ನು ಹೆಪ್ಪುಗಟ್ಟಿಸಿ, ಮೇಲಿನ ಗಾಳಿ ಎಳೆದು, ಮತ್ತೆ ಕರಗಿಸುವ ಸುತ್ತನ್ನು ಮೂರು ಸಲ ಮಾಡಬೇಕು. ಕರಗಿರುವ ಗಾಳಿ ಉಳಿದರೆ ಮೊದಲ ಗಂಟೆಯ ಚದುರಿಕೆಯಲ್ಲಿ ಸಾರಜನಕ, ಆಮ್ಲಜನಕಗಳೂ ಸೇರಿರುತ್ತವೆ. ಹಳೆಯ ಬಾಟಲಿಯಲ್ಲಿ ಪೆರಾಕ್ಸೈಡ್ ಕೂಡಿರಬಹುದು. ಹೊಸದನ್ನೇ ಬಳಸಿ, ತಣ್ಣಗೆ ಕತ್ತಲಲ್ಲಿ ಇಡಿ. ದ್ರವವಿರುವ ಬಬ್ಲರ್‌ಗಿಂತ ಕೊಳವೆ ಬಿಸಿ, ಕೊಳವೆಗಿಂತ ನಾಜಲ್ ಬಿಸಿ: ಈ ಕ್ರಮ ತಪ್ಪಿದ ಕಡೆ ಆವಿ ಹನಿಗಟ್ಟುತ್ತದೆ. ನಾಜಲ್‌ನ ಕಿಂಡಿ ಸುಮಾರು 100 ಮೈಕ್ರಾನ್. ಅದರ ಬಾಯಿಯಿಂದ ಕೆಲವು ನೂರು ಮೈಕ್ರಾನ್ ಕೆಳಗೆ ಎರಡು ಕಿರಣಗಳೂ ಹಾದುಹೋಗಬೇಕು. ಎದುರಿಗೆ ದ್ರವ ಸಾರಜನಕದ ಕೋಲ್ಡ್ ಟ್ರ್ಯಾಪ್ ಇದ್ದರೆ ಆವಿ ಅಲ್ಲೇ ಹೆಪ್ಪುಗಟ್ಟಿ, ಗನ್ ಕಡೆಯ ನಿರ್ವಾತ ಉಳಿಯುತ್ತದೆ.

ಹತ್ತು ಗಂಟೆಯ ಓಟದಲ್ಲಿ ಎರಡು ಬಗೆಯ ಸವಕಲು ಕಾಣುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ರಾತ್ರಿಯೆಲ್ಲ ವ್ಯರ್ಥ. ಒಟ್ಟು ಚದುರಿಕೆಯೇ ನಿಧಾನಕ್ಕೆ ಇಳಿಯುತ್ತಿದ್ದು ನೇರ ಕಿರಣದ ವಿದ್ಯುದಂಶ ಹಾಗೇ ಇದ್ದರೆ ನಾಜಲ್ ಕಟ್ಟಿಕೊಳ್ಳುತ್ತಿದೆ. ಒಟ್ಟು ಚದುರಿಕೆ ಹಾಗೇ ಇದ್ದು, ಪಂಪ್‌ನಿಂದಾಗುವ ವ್ಯತ್ಯಾಸ ಮಾತ್ರ ಸೊರಗುತ್ತಿದ್ದರೆ ನೇರಳಾತೀತ ಬೆಳಕಿನ ದಾರಿಯ ಕಿಟಕಿ ಅಥವಾ ಕನ್ನಡಿಯ ಮೇಲೆ ಒಡೆದ ಅಣುಗಳ ಕಂದು ಪೊರೆ ಕೂತಿದೆ. ಇಲ್ಲವೇ ಎರಡು ಕಿರಣಗಳ ಹೊಂದಾಣಿಕೆ ಜಾರಿದೆ. ಚೇಂಬರ್‌ನ ಹೊರಗೆ ಅಳೆದ ಲೇಸರ್ ಶಕ್ತಿ ಈ ಸಂದರ್ಭದಲ್ಲಿ ಒಂದಿಷ್ಟೂ ಬದಲಾಗಿರುವುದಿಲ್ಲ. ಆದ್ದರಿಂದ ಒಳಗೆ ಹೋಗಿ ಹೊರಬಂದ ಬೆಳಕನ್ನೂ ಅಳೆಯುವ ಏರ್ಪಾಡು ಇರಲೇಬೇಕು.

ಎಷ್ಟು ಬೆಳಕು

ಈ ಅಣು 257 ನ್ಯಾನೋಮೀಟರ್ ಬಳಿ ಚೆನ್ನಾಗಿ ಹೀರುತ್ತದೆ, ಮೋಲಾರ್ ಹೀರಿಕೆ ಸುಮಾರು 8,000. ಅಂದರೆ ಒಂದು ಅಣುವಿನ ಹೀರುವ ಅಡ್ಡಕೊಯ್ತ 3 × 10⁻¹⁷ ಚದರ ಸೆ.ಮೀ. ನೂರಕ್ಕೆ ಹತ್ತು ಅಣುಗಳು ಉದ್ರೇಕಗೊಳ್ಳಲು ಚದರ ಸೆ.ಮೀ.ಗೆ 2.5 ಮಿಲಿಜೂಲ್ ಸಾಕು. 250 ಮೈಕ್ರಾನ್ ಅಗಲದ ಚುಕ್ಕೆಗೆ ಇದು 2 ಮೈಕ್ರೋಜೂಲ್‌ಗೂ ಕಡಿಮೆ. 267ರಲ್ಲಿ ಹೀರಿಕೆ ಕೊಂಚ ತಗ್ಗುವುದರಿಂದಲೂ ಚುಕ್ಕೆಯ ಅಂಚಿನಲ್ಲಿ ಬೆಳಕು ತೆಳುವಾಗುವುದರಿಂದಲೂ ನಿಜಕ್ಕೆ ತುಸು ಹೆಚ್ಚು ಬೇಕು. ಸಂಕೇತ ಸಣ್ಣದು ಎಂದು ಲೇಸರ್ ಏರಿಸುತ್ತ ಹೋಗುವ ಆಸೆ ಇಲ್ಲಿ ಬಲವಾಗಿ ಕಾಡುತ್ತದೆ. ಅದಕ್ಕೆ ಬಲಿಯಾಗಬಾರದು.

ಕಾರಣ ಸರಳ. ಒಂದು ಫೋಟಾನಿನ ಶಕ್ತಿ 4.64 ಎಲೆಕ್ಟ್ರಾನ್ ವೋಲ್ಟ್. ಅಣುವಿನಿಂದ ಎಲೆಕ್ಟ್ರಾನ್ ಕೀಳಲು 8.25 ಸಾಕು. ಎರಡು ಫೋಟಾನ್ ಸೇರಿದರೆ 9.28. ಅಯಾನಾದ ಅಣು ಒಡೆಯುತ್ತದೆ, ಅದರ ಚೂರುಗಳು ದೂರ ಸರಿಯುತ್ತವೆ, 2.5ರ ಶಿಖರ ಅದರಿಂದಲೂ ತಗ್ಗುತ್ತದೆ. ಲೇಸರ್ ಶಕ್ತಿಯನ್ನು ನಾಲ್ಕೈದು ಮೆಟ್ಟಿಲಲ್ಲಿ ಬದಲಿಸಿ, 2.5ರ ಕುಸಿತ ಮತ್ತು 4-6ರ ಏರಿಕೆ ಎರಡನ್ನೂ ಗ್ರಾಫಿಗೆ ಹಾಕಿ. ಎರಡೂ ನೇರ ಗೆರೆಯಲ್ಲಿ ಹೋಗುವ ವಲಯದ ಅರ್ಧದಷ್ಟು ಎತ್ತರದಲ್ಲೇ ಕೆಲಸ ಮಾಡುವುದು ಒಳ್ಳೆಯದು. ಕುಸಿತ ಮೇಲೆ ಬಾಗಿ ಏರಿಕೆ ನೇರವಾಗಿಯೇ ಉಳಿದರೆ ಅಯಾನುಗಳು ಬಂದಿವೆ ಎಂದೇ ತಿಳಿಯಬೇಕು.

ಅಯಾನುಗಳಿಂದ ಒಂದು ಉಪಯೋಗವೂ ಇದೆ. ಬೆಳಕನ್ನು ಬೇಕೆಂದೇ ಜೋರು ಮಾಡಿದರೆ ಅನಿಲದಲ್ಲಿ ಪ್ಲಾಸ್ಮಾ ಹುಟ್ಟಿ ನೇರ ಕಿರಣದ ಆಕಾರ ಕೆಡುತ್ತದೆ. ಟೈಮ್ ಝೀರೊ, ಅಂದರೆ ಎರಡು ಪಲ್ಸ್‌ಗಳೂ ಒಟ್ಟಿಗೆ ತಲುಪುವ ಕ್ಷಣ, ಎಲ್ಲಿದೆ ಎಂದು ಕೆಲವು ಪಿಕೋಸೆಕೆಂಡ್‌ಗಳೊಳಗೆ ಹುಡುಕಲು, ಎರಡು ಕಿರಣಗಳನ್ನು ಒಂದರ ಮೇಲೊಂದು ಕೂರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹುಡುಕಿಯಾದ ಮೇಲೆ ಶಕ್ತಿಯನ್ನು ಮರೆಯದೆ ಇಳಿಸಬೇಕು.

ದತ್ತಾಂಶ ಕೂಡಿಹಾಕುವ ಕ್ರಮ

ಬೆಳಕು ತಾಗಿದ ಎಷ್ಟು ಹೊತ್ತಿಗೆ ಎಲೆಕ್ಟ್ರಾನ್ ಬರುತ್ತದೆ ಎಂಬುದೇ ವಿಳಂಬ. 32 ವಿಳಂಬಗಳು, ಒಂದೊಂದಕ್ಕೆ 20 ಸೆಕೆಂಡ್, ಅಂದರೆ 3,600 ಪಲ್ಸ್. ಒಂದು ಸುತ್ತಿಗೆ 11 ನಿಮಿಷ. 60 ಸುತ್ತಿಗೆ ಹನ್ನೊಂದು ಗಂಟೆಗೆ ಹತ್ತಿರ. ಪ್ರತಿ ವಿಳಂಬಕ್ಕೆ ಒಟ್ಟು 2,16,000 ಪಲ್ಸ್. ಒಂದೊಂದು ವಿಳಂಬದಲ್ಲಿ ಗಂಟೆಗಟ್ಟಲೆ ಕೂತು ಮುಗಿಸಿ ಮುಂದಕ್ಕೆ ಹೋಗುವುದು ದೊಡ್ಡ ತಪ್ಪು: ಅನಿಲದ ಒತ್ತಡ, ಲೇಸರ್, ಕೋಣೆಯ ಉಷ್ಣತೆ ಎಲ್ಲವೂ ಅಷ್ಟರಲ್ಲಿ ಬದಲಾಗಿರುತ್ತವೆ, ಆ ಬದಲಾವಣೆ ಅಣುವಿನ ಚಲನೆಯ ವೇಷ ಹಾಕಿಕೊಂಡು ಬರುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಪಟ್ಟಿ ಒಂದು ಡಿಗ್ರಿ ಕಾದರೆ 23 ಮೈಕ್ರಾನ್ ಹಿಗ್ಗುತ್ತದೆ. ಬೆಳಕಿಗೆ ಅದು 77 ಫೆಮ್ಟೋಸೆಕೆಂಡ್ ದಾರಿ. ಆದ್ದರಿಂದ ಸುತ್ತುಗಳು ಚಿಕ್ಕದಿರಲಿ, ಪ್ರತಿ ಸುತ್ತಿನಲ್ಲೂ ವಿಳಂಬಗಳ ಕ್ರಮ ಕಲೆಸಿರಲಿ, ಬೆಳಕಿಗೆ ಮೊದಲೇ ಎಲೆಕ್ಟ್ರಾನ್ ಬರುವ ಋಣ ವಿಳಂಬಗಳು ಮೂರು-ನಾಲ್ಕಾದರೂ ಇರಲಿ. ಎಲೆಕ್ಟ್ರಾನ್ ಇಲ್ಲದೆ ಲೇಸರ್ ಮಾತ್ರ ಹಾಯಿಸಿದ ಚಿತ್ರಗಳೂ ಬೇಕು, ಚೆಲ್ಲಿದ ಬೆಳಕನ್ನು ಫಾಸ್ಫರ್ ಹಿಡಿದಿದೆಯೇ ಎಂದು ನೋಡಲು.

ಎಸ್ 1ರಿಂದ 10ಕ್ಕೆ ಹೋಗುವಷ್ಟರಲ್ಲಿ ತೀವ್ರತೆ ಸಾವಿರಾರು ಪಟ್ಟು ಕುಸಿಯುತ್ತದೆ. ನಮಗೆ ಬೇಕಾದ ವ್ಯತ್ಯಾಸವೋ ಶೇ. 1ರ ಒಳಗೆ. ವ್ಯತ್ಯಾಸ ತೆಗೆಯುವ ವಿಧಾನದ ದೊಡ್ಡ ಅನುಕೂಲವೆಂದರೆ ಪರಮಾಣುಗಳ ಬಿಡಿ ಚದುರಿಕೆ, ಸ್ಥಿರ ಹಿನ್ನೆಲೆ, ಬೆಳಕು ತಾಗದ ಅಣುಗಳು ಎಲ್ಲವೂ ತಾವಾಗಿ ಕಳೆದುಹೋಗುತ್ತವೆ. ಹಾಗೆಂದು ಪಂಪ್ ಇಲ್ಲದ ಸ್ಥಿರ ಚಿತ್ರವನ್ನು ಬಿಡುವಂತಿಲ್ಲ. ತಿಳಿದಿರುವ ಉಂಗುರದ ರಚನೆಯೊಂದಿಗೆ ಅದು ತಾಳೆಯಾಗದಿದ್ದರೆ ಎಸ್‌ನ ಅಳತೆಗೋಲೋ ಕೇಂದ್ರವೋ ತಪ್ಪಿದೆ ಎಂದರ್ಥ. ಅಳತೆಗೋಲು ಶೇ. 1 ತಪ್ಪಿದರೆ 6 ಆಂಗ್‌ಸ್ಟ್ರಾಮ್‌ನ ಅಂತರ 0.06 ಜಾರುತ್ತದೆ.

ಹಲವರು ಎಡವುವ ಜಾಗ ಇನ್ನೊಂದಿದೆ. ಧ್ರುವೀಕೃತ ಲೇಸರ್ ತನ್ನ ದಿಕ್ಕಿಗೆ ಹೊಂದಿದ ಅಣುಗಳನ್ನೇ ಹೆಚ್ಚು ಆರಿಸುತ್ತದೆ. ಹಾಗಾಗಿ ಮೊದಲ ಕ್ಷಣಗಳ ವ್ಯತ್ಯಾಸ ಚಿತ್ರ ದುಂಡಗಿರುವುದಿಲ್ಲ. ಡಿಟೆಕ್ಟರ್ ಮೇಲೆ ಸುತ್ತಲೂ ಸರಾಸರಿ ತೆಗೆದರೆ ದಿಕ್ಕಿನ ಭಾಗ ಅಳಿಸಿಹೋಗುತ್ತದೆ ಎಂದು ಭಾವಿಸುವುದು ತಪ್ಪು. ವೃತ್ತದ ಮೇಲೆ ಕೊಸೈನ್ ವರ್ಗದ ಸರಾಸರಿ ಅರ್ಧ, ಗೋಳದ ಮೇಲೆ ಮೂರನೇ ಒಂದು. ಹೀಗಾಗಿ ದಿಕ್ಕಿನ ಭಾಗದ ನಾಲ್ಕನೇ ಒಂದಂಶ ಸರಾಸರಿಯಲ್ಲೇ ಉಳಿದುಬಿಡುತ್ತದೆ. ಅಣುಗಳು ತಿರುಗಿ ಚದುರಿದಂತೆ ಅದು ಕರಗುತ್ತದೆ, ನೋಡುವವರಿಗೆ ರಚನೆಯೇ ಬದಲಾದಂತೆ ತೋರುತ್ತದೆ. ಪ್ರತಿ ಎಸ್ ಉಂಗುರಕ್ಕೂ ಕೋನದ ಪ್ರಕಾರ ಎರಡು ಲೆಜಾಂಡ್ರ್ ಪದಗಳನ್ನು (ಒಂದು ದಿಕ್ಕಿಲ್ಲದ್ದು, ಇನ್ನೊಂದು ದಿಕ್ಕಿನದು) ಹೊಂದಿಸಿ, ದಿಕ್ಕಿಲ್ಲದ ಪದವನ್ನು ಮಾತ್ರ ಮುಂದಕ್ಕೆ ಒಯ್ಯಬೇಕು.

ಕಿಂಡಿಯ ಸೇಡು

ಈಗ ಎಸ್‌ನಿಂದ ಅಂತರಕ್ಕೆ ಬದಲಿಸುವ ಸೈನ್ ರೂಪಾಂತರ. ಎಸ್ 10ಕ್ಕೆ ಥಟ್ಟನೆ ಕಡಿದರೆ ಪ್ರತಿ ಶಿಖರದ ಅಕ್ಕಪಕ್ಕ 0.6 ಆಂಗ್‌ಸ್ಟ್ರಾಮ್ ಅಂತರದಲ್ಲಿ ಸುಳ್ಳು ಅಲೆಗಳೇಳುತ್ತವೆ. ಎಸ್‌ನ ವರ್ಗವನ್ನು 0.03ರಿಂದ ಗುಣಿಸಿದ ಘಾತೀಯ ಇಳಿಕೆಯಿಂದ ತಗ್ಗಿಸಿದರೆ ಅಂಚಿನಲ್ಲಿ ಸಂಕೇತ ಶೇ. 5ಕ್ಕೆ ಇಳಿದು ಅಲೆಗಳು ಮಲಗುತ್ತವೆ. ಬದಲಿಗೆ ಪ್ರತಿ ಶಿಖರ 0.58 ಆಂಗ್‌ಸ್ಟ್ರಾಮ್ ಅಗಲವಾಗುತ್ತದೆ. 1.35 ಮತ್ತು 1.54 ಬೇರೆಬೇರೆ ಕಾಣುವುದಿಲ್ಲ, ಆದರೆ 1.5, 2.5 ಮತ್ತು 4ರ ಆಚೆಯದು ಸ್ಪಷ್ಟವಾಗಿ ಬೇರ್ಪಡುತ್ತವೆ. 2015ರ ಎಕ್ಸ್-ಕಿರಣ ಅಳತೆಯಲ್ಲಿ ಎಸ್‌ನ ಮೇಲಿನ ಮಿತಿ 10ರ ಬದಲು 4ರ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ನೇರವಾಗಿ ಅಂತರಕ್ಕೆ ಬದಲಿಸುವುದು ಆಗದ ಮಾತು, ಲೆಕ್ಕ ಹಾಕಿದ ಮಾದರಿಗಳ ಜೊತೆ ಹೋಲಿಸಿಯೇ ನೋಡಬೇಕು.

ಕೆಳಗಿನ ತುದಿಯದ್ದು ಹೆಚ್ಚು ಮೋಸ. ಡಿಟೆಕ್ಟರ್‌ನ ಕಿಂಡಿಯಿಂದ ಕಳೆದುಹೋದ 0ರಿಂದ 0.5ರ ಭಾಗ ದೂರದೂರದ ಅಂತರಗಳಲ್ಲಿ ನಿಧಾನವಾಗಿ ಏರಿಳಿಯುವ ತಳಗೆರೆಯಾಗಿ ಕಾಣಿಸಿಕೊಳ್ಳುತ್ತದೆ. 1.5ರ ಚೂಪು ಕುಸಿತಕ್ಕೆ ಅದು ಏನೂ ಮಾಡದು. 4-6ರ ಅಗಲ ಗುಡ್ಡವನ್ನು ಮಾತ್ರ ಎತ್ತಿಯೂ ತೋರಿಸಬಹುದು, ಮುಳುಗಿಸಲೂಬಹುದು. ಆ ಜಾಗವನ್ನು ಸೊನ್ನೆಯವರೆಗೆ ಗೆರೆ ಎಳೆದು ತುಂಬುವುದು ರೂಢಿ. ಸಿಮ್ಯುಲೇಷನ್‌ನಿಂದ ತುಂಬುವುದೂ ಉಂಟು. ಆಗ ಉತ್ತರವನ್ನು ನಾವೇ ಬರೆದು ನಾವೇ ಓದಿದಂತಾಗುತ್ತದೆ. ಹೆಚ್ಚು ನಂಬಬಹುದಾದ ದಾರಿ ಇನ್ನೊಂದು: ಲೆಕ್ಕದಿಂದ ಬಂದ ಸಂಕೇತವನ್ನೂ ಅದೇ 0.5ಕ್ಕೆ ಕಡಿದು, ಅದೇ ಇಳಿಕೆ ಹಾಕಿ, ಅದೇ 157 ಫೆಮ್ಟೋಸೆಕೆಂಡ್‌ನಿಂದ ಮಸುಕು ಮಾಡಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುವುದು. ಎರಡರಲ್ಲೂ ಒಂದೇ ದೋಷವಿದ್ದರೆ ಹೋಲಿಕೆ ನ್ಯಾಯವಾಗಿರುತ್ತದೆ. ಸಣ್ಣ ಎಸ್‌ನಲ್ಲಿ ಎಲೆಕ್ಟ್ರಾನ್ ಸ್ಥಿತಿ ಬದಲಾದುದರ ಗುರುತೂ ಇರುತ್ತದೆ. 2020ರಲ್ಲಿ ಪಿರಿಡೀನ್ ಮೇಲೆ ಅದನ್ನು ಬೇರೆಯಾಗಿಯೇ ತೋರಿಸಲಾಯಿತು. ಪರಮಾಣುಗಳನ್ನು ಸ್ವತಂತ್ರ ಎಂದು ಭಾವಿಸುವ ಮಾದರಿ ಅದನ್ನು ಅರಿಯದು. ಹಾಗಾಗಿ ಆ ಭಾಗವನ್ನು ರಚನೆ ಎಂದು ಓದಬಾರದು.

ಎಷ್ಟು ಬೇಗ ಬಿಚ್ಚಿತು

ಟೈಮ್ ಝೀರೊವನ್ನು ಪ್ಲಾಸ್ಮಾದಿಂದ ಒರಟಾಗಿ ಹಿಡಿದು, ಅದೇ ಸಮತಲದಲ್ಲಿಟ್ಟ ಘನ ಹಾಳೆಯಿಂದ ಚೂಪು ಮಾಡುತ್ತಾರೆ. ಆದರೂ ಹನ್ನೊಂದು ಗಂಟೆಯಲ್ಲಿ ಅದು ಹತ್ತಾರು ಫೆಮ್ಟೋಸೆಕೆಂಡ್ ಜಾರಿರುತ್ತದೆ. ಕೊನೆಗೆ ಅದನ್ನು ಅಣುವಿನದೇ ಸಂಕೇತಕ್ಕೆ ಹೊಂದಿಸಿ ತೆಗೆಯಬೇಕಾಗುತ್ತದೆ, ತಪ್ಪು ಹುಟ್ಟುವುದು ಅಲ್ಲೇ. 4-6ರ ಏರಿಕೆಗೆ ಹೊಂದಿಸಿ ಟೈಮ್ ಝೀರೊ ತೆಗೆದು, ಆ ಬಳಿಕ ಅದೇ ಏರಿಕೆ ಝೀರೊದಿಂದ ಇಷ್ಟು ತಡವಾಗಿ ಶುರುವಾಯಿತು ಎನ್ನುವುದು ಅರ್ಥವಿಲ್ಲದ ಮಾತು.

ಇದರಿಂದ ಪಾರಾಗಲು ಒಂದು ದಾರಿಯಿದೆ. ಒಂದೇ ದತ್ತಾಂಶದಲ್ಲಿ 2.5ರ ಕುಸಿತದ ನಡುಬಿಂದುವನ್ನೂ 4-6ರ ಏರಿಕೆಯ ನಡುಬಿಂದುವನ್ನೂ ಬೇರೆಬೇರೆ ಹೊಂದಿಸಿ. ಇವೆರಡರ ನಡುವಿನ ಅಂತರಕ್ಕೆ ಟೈಮ್ ಝೀರೊ ಬೇಕಾಗಿಲ್ಲ. ಎಲ್ಲ ಸುತ್ತುಗಳೂ ಒಟ್ಟಿಗೆ ಜಾರಿದ್ದರೂ ಅದು ಕದಲದು. ಸಂಕೇತ ಸ್ವಚ್ಛವಿದ್ದರೆ 157 ಫೆಮ್ಟೋಸೆಕೆಂಡ್ ಅಗಲದ ಅಂಚಿನ ನಡುಬಿಂದುವನ್ನು ಅದಕ್ಕಿಂತ ಬಹಳ ನಿಖರವಾಗಿ ಗುರುತಿಸಬಹುದು. 60 ಸುತ್ತುಗಳಿಂದ ಮತ್ತೆಮತ್ತೆ ಚೀಟಿ ಎತ್ತಿದಂತೆ ಆರಿಸಿ, ಪ್ರತಿ ಸಲವೂ ಇಡೀ ವಿಶ್ಲೇಷಣೆ ಮೊದಲಿಂದ ನಡೆಸಿದರೆ ದೋಷದ ಪಟ್ಟಿ ನೇರವಾಗಿ ಸಿಗುತ್ತದೆ. ಸುತ್ತು ಒಳಗೊಳಗೇ ಜಾರಿದ್ದರೆ ಎರಡೂ ಅಂಚುಗಳು ಒಂದೇ ಸಮನೆ ಅಗಲವಾಗುತ್ತವೆ. ಒಂದು ಮಾತ್ರ ಅಗಲವಾಗಿದ್ದರೆ ಅದು ಅಣುವಿನದೇ ಕೆಲಸ.

ಕುಸಿತ ಮೊದಲು, ದೂರದ ಜೋಡಿಗಳು ಆಮೇಲೆ. ಅದಾದ ಕೆಲವು ನೂರು ಫೆಮ್ಟೋಸೆಕೆಂಡ್ ಆ ಗುಡ್ಡ ಸುಮ್ಮನೆ ನಿಲ್ಲುವುದಿಲ್ಲ. ಸರಪಳಿ ತನ್ನ ಒಂಟಿ ಬಂಧಗಳ ಸುತ್ತ ಹೊರಳುತ್ತ ತುದಿಗಳು 6 ಆಂಗ್‌ಸ್ಟ್ರಾಮ್ ಕಡೆಗೆ ಚಾಚಿ ಮತ್ತೆ ಒಳಕ್ಕೆ ಬರುತ್ತವೆ. ಅಣುಗಳು ಇದನ್ನು ಇನ್ನೂ ಹೆಜ್ಜೆ ಹೊಂದಿಸಿಕೊಂಡೇ ಮಾಡುವುದರಿಂದ ಸಂಕೇತದಲ್ಲಿ ಗುಡ್ಡದ ಎತ್ತರವೂ ಜಾಗವೂ ಏರಿಳಿಯುತ್ತದೆ. 2019ರ ಅಳತೆಯ ಅತಿ ಸುಂದರ ಭಾಗ ಇದೇ. ವಿಳಂಬಗಳನ್ನು ಆಯ್ದುಕೊಳ್ಳುವಾಗ ಮೊದಲ 200 ಫೆಮ್ಟೋಸೆಕೆಂಡ್‌ಗೆ ಮಾತ್ರ ಒತ್ತು ಕೊಟ್ಟು ಆಮೇಲೆ ವಿರಳ ಮಾಡಿದರೆ ಈ ಹೊರಳಾಟ ಕೈತಪ್ಪುತ್ತದೆ. 1 ಪಿಕೋಸೆಕೆಂಡ್‌ವರೆಗೂ 50 ಫೆಮ್ಟೋಸೆಕೆಂಡ್ ಮೆಟ್ಟಿಲಿಗಿಂತ ದಪ್ಪ ಬೇಡ. ಬೆಳಕಿನ ದಾರಿಯ ಉದ್ದ ಬದಲಿಸುವ ಡಿಲೇ ಸ್ಟೇಜ್‌ಗೆ ಅದು 7.5 ಮೈಕ್ರಾನ್ ಚಲನೆ.

ನೂರರಲ್ಲಿ ಎಷ್ಟು ಅಣು ಬಿಚ್ಚಿಕೊಂಡವು ಎಂಬ ಪ್ರಶ್ನೆಗೆ ಈ ಅಳತೆ ತನ್ನಷ್ಟಕ್ಕೆ ಉತ್ತರ ಕೊಡದು. 4-6ರ ಎತ್ತರ ನಿರ್ಧರಿಸುವುದು ಉದ್ರೇಕಗೊಂಡ ಪಾಲು ಮತ್ತು ಬಿಚ್ಚುವ ಪಾಲು, ಇವೆರಡರ ಗುಣಲಬ್ಧವನ್ನು. ನೂರಕ್ಕೆ 10 ಉದ್ರೇಕಗೊಂಡು ಅದರಲ್ಲಿ ಶೇ. 40 ಬಿಚ್ಚಿದರೂ, 8 ಉದ್ರೇಕಗೊಂಡು ಶೇ. 50 ಬಿಚ್ಚಿದರೂ ಆ ಗುಡ್ಡ ಒಂದೇ. ಕಾದ ಉಂಗುರಗಳ ಪಾಲನ್ನು 1.5 ಮತ್ತು 2.5ರ ಕುಸಿತದಿಂದ ಬಿಡಿಸಲು ಯತ್ನಿಸಬಹುದು, ಆದರೆ ಅದಕ್ಕೆ ಕಾದ ಉಂಗುರದ ಒಳ್ಳೆಯ ಮಾದರಿ ಬೇಕು. ಆದ್ದರಿಂದ ವರದಿಯಲ್ಲಿ ಗುಣಲಬ್ಧವನ್ನೇ ಅಳತೆ ಎಂದು ಬರೆಯಿರಿ. ಲೇಸರ್ ಶಕ್ತಿ, ಚುಕ್ಕೆಯ ಅಗಲ, ಹೀರಿಕೆಗಳಿಂದ ಅಂದಾಜಿಸಿದ ಉದ್ರೇಕದ ಪಾಲನ್ನು ಅದರ ಪಕ್ಕದಲ್ಲೇ ಅದರದೇ ದೋಷದೊಂದಿಗೆ ಕೊಡಿ. ಭಾಗಿಸಿ ಬಂದ ಇಳುವರಿಯ ಸಂಖ್ಯೆ ಅದರ ಕೆಳಗಿನ ಸಾಲಿನಲ್ಲಿರಲಿ.